ಕುಡಿತ ಬಿಡಿಸಲು ಎಲ್ಲಿಗೆ ಕರೆದುಕೊಂಡು ಹೋಗಬೇಕು? ಆಸ್ಪತ್ರೆ, ರಿಹ್ಯಾಬ್, ಶಿಬಿರ, ಮನೆ

ನಮ್ಮಣ್ಣ ಬೆಳಗ್ಗೆ ಕಾಫಿ ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಿದ್ದ. ಆದರೂ ತುಟಿಗೆ ಮುಟ್ಟುವಷ್ಟರಲ್ಲಿ ಕಾಫಿ ಅಂಗಿ ಮೇಲೆ ಚೆಲ್ಲುತ್ತಿತ್ತು. ಅತ್ತಿಗೆ ಲೋಟಕ್ಕೆ ಅರ್ಧ ಮಾತ್ರ ಹಾಕಿಕೊಡೋದನ್ನು ರೂಢಿ ಮಾಡಿಕೊಂಡಿದ್ದರು. ಹತ್ತು ಗಂಟೆಗೆ ಒಂದು ನೈಂಟಿ ಒಳಗೆ ಹೋದರೆ ನಡುಕ ನಿಲ್ಲುತ್ತಿತ್ತು. ಆಮೇಲೆ ತಿಪಟೂರಿನ ಕೊಬ್ಬರಿ ಮಂಡಿಗೆ ಹೋಗಿ ಲೆಕ್ಕ ಬರೆಯುತ್ತಿದ್ದ. ಅಕ್ಷರ ಮುತ್ತಿನ ಹಾಗೆ ಇರುತ್ತಿದ್ದವು. ಅಷ್ಟು ಚೆನ್ನಾಗಿ ಬರೆಯುವವನಿಗೆ ಕಾಯಿಲೆ ಅಂತ ನಮಗೆ ಯಾರಿಗೂ ಅನ್ನಿಸಲೇ ಇಲ್ಲ.

ಮುಂದಿನ ನಾಲ್ಕು ವರ್ಷ ಅವನಿಗಾಗಿ ನಾವು ಓಡಾಡದ ಜಾಗವಿಲ್ಲ. ಮಾಲೆ ಹಾಕಿಸಿದೆವು, ಪುಡಿ ತಂದೆವು, ಸೆಂಟರ್‌ಗೆ ಸೇರಿಸಿದೆವು, ಕೊನೆಗೆ ಸರ್ಕಾರಿ ಆಸ್ಪತ್ರೆಗೆ ಹೋದೆವು. ಈಗ ಅವನು ಕುಡಿಯದೆ ಎರಡು ವರ್ಷ ದಾಟಿದೆ. ಅದನ್ನು ಕೇಳಿದ ಪರಿಚಯದವರು ನನಗೆ ಫೋನ್ ಮಾಡುತ್ತಾರೆ. ಎಲ್ಲರದ್ದೂ ಒಂದೇ ಪ್ರಶ್ನೆ: "ಒಳ್ಳೇ ಸೆಂಟರ್ ಯಾವುದಿದೆ ಹೇಳಮ್ಮ." ಒಂದು ಹೆಸರು ಹೇಳಿ ಫೋನ್ ಇಡೋದಕ್ಕೆ ನನ್ನಿಂದ ಆಗುವುದಿಲ್ಲ. ಒಬ್ಬರಿಗೆ ಸರಿಹೋದದ್ದು ಇನ್ನೊಬ್ಬರ ಜೀವಕ್ಕೇ ಕುತ್ತಾಗಬಹುದು. ಹಾಗಾಗಿ ನಮ್ಮ ಕಡೆ ಇರುವ ದಾರಿಗಳನ್ನು ಒಂದೊಂದಾಗಿ ತೂಗಿ ಬರೆಯುತ್ತಿದ್ದೇನೆ. ಹೆಚ್ಚಾಗಿ ಮದ್ಯದ ಬಗ್ಗೆ. ಬೇರೆ ನಶೆಗಳ ಮಾತು ನಡುವೆ ಸ್ವಲ್ಪ ಬರುತ್ತದೆ.

ಮೊದಲು ಯಾವುದನ್ನು ನೋಡಬೇಕು

ಸೆಂಟರ್ ಹುಡುಕುವಾಗ ನಾವು ನೋಡೋದು ಅಲ್ಲಿರುವ ದಿನಗಳನ್ನು. ರೂಮ್ ಹೇಗಿದೆ, ಊಟ ಹೇಗೆ, ಮೂವತ್ತು ದಿನವೋ ತೊಂಬತ್ತು ದಿನವೋ, ಯೋಗ ಹೇಳಿಕೊಡುತ್ತಾರಾ. ನಾವೂ ಹಾಗೇ ನೋಡಿದ್ದೆವು. ನಿಜವಾಗಿ ಎಲ್ಲ ನಿಂತಿರೋದು ಅದರ ಆಚೀಚೆ ಇರುವ ಎರಡು ಕಾಲದ ಮೇಲೆ. ಕುಡಿತ ನಿಲ್ಲಿಸಿದ ಮೊದಲ ವಾರ, ಮತ್ತೆ ಮನೆಗೆ ವಾಪಸ್ ಬಂದ ಮೇಲಿನ ಆರು ತಿಂಗಳು. ಈ ಎರಡನ್ನೂ ಯಾರು ನೋಡಿಕೊಳ್ಳುತ್ತಾರೆ ಅನ್ನೋದು ಗೊತ್ತಾದರೆ ಅರ್ಧ ತೀರ್ಮಾನ ಆದ ಹಾಗೇ.

ಮೊದಲ ವಾರದ ಪಾಠ ನಮಗೆ ಮಾಲೆಯಿಂದ ಸಿಕ್ಕಿತು. ಅಣ್ಣ ಅಯ್ಯಪ್ಪನ ಮಾಲೆ ಹಾಕಿ, ನಲವತ್ತೊಂದು ದಿನ ಮುಟ್ಟಲ್ಲ ಅಂತ ಒಮ್ಮೆಲೇ ನಿಲ್ಲಿಸಿದ. ಶ್ರದ್ಧೆಯಿಂದಲೇ ನಿಲ್ಲಿಸಿದ್ದ. ಮಾರನೇ ದಿನ ಬೆವರು, ನಡುಕ, ರಾತ್ರಿಯೆಲ್ಲ ನಿದ್ದೆ ಇಲ್ಲ. ಮೂರನೇ ದಿನ ಬೆಳಗ್ಗೆ ಗೋಡೆಯಿಂದ ಇರುವೆ ಆರಿಸಿ ಆರಿಸಿ ಬಿಸಾಕುತ್ತಿದ್ದ. ಗೋಡೆ ಮೇಲೆ ಏನೂ ಇರಲಿಲ್ಲ. ತೀರಿಹೋದ ಅಪ್ಪನ ಜೊತೆ ಮಾತಾಡುತ್ತಿದ್ದ. ಪಕ್ಕದ ಮನೆಯವರು ಗಾಳಿ ಸೋಕಿದೆ ಎಂದರು. ತಾಯತ ಕಟ್ಟಿಸಲು ಹೊರಟಿದ್ದೆವು, ಅಷ್ಟರಲ್ಲಿ ಫಿಟ್ಸ್ ಬಂತು.

ಆಸ್ಪತ್ರೆಯಲ್ಲಿ ಡಾಕ್ಟರು ಬಿಡಿಸಿ ಹೇಳಿದರು. ವರ್ಷಗಟ್ಟಲೆ ದಿನಾ ಕುಡಿದವರ ಮಿದುಳು ಮದ್ಯದ ಮಂಪರಿಗೆ ಎದುರಾಗಿ ತನ್ನ ವೇಗ ಹೆಚ್ಚಿಸಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತರೆ ಆ ವೇಗಕ್ಕೆ ಕಡಿವಾಣ ಇರುವುದಿಲ್ಲ. ಕೊನೆಯ ಬಾರಿ ಕುಡಿದ ಕೆಲವು ಗಂಟೆಗಳಲ್ಲೇ ನಡುಕ ಶುರು. ಫಿಟ್ಸ್ ಬರೋದು ಸಾಮಾನ್ಯವಾಗಿ 6ರಿಂದ 48 ಗಂಟೆಯೊಳಗೆ. ಎರಡರಿಂದ ನಾಲ್ಕನೇ ದಿನದ ನಡುವೆ ಸನ್ನಿ ಹಿಡಿಯಬಹುದು. ಅದನ್ನು ಅವರು ಡಿಲೀರಿಯಂ ಟ್ರೆಮೆನ್ಸ್ ಎನ್ನುತ್ತಾರೆ. ಚಿಕಿತ್ಸೆ ಸಿಗದಿದ್ದರೆ ಅದರಲ್ಲಿ ಜೀವ ಹೋಗುವುದುಂಟು. ಅಣ್ಣನಿಗೆ ನಡುಕ, ಫಿಟ್ಸ್ ತಡೆಯುವ ಲೋರಾಜೆಪಾಮ್ ಕೊಟ್ಟರು, ಬಿ1 ವಿಟಮಿನ್ ಇಂಜೆಕ್ಷನ್ ಕೊಟ್ಟರು. ಬಿ1 ಕೊಡದೆ ಸುಮ್ನೆ ಗ್ಲೂಕೋಸ್ ಹಾಕಿದರೆ ಮಿದುಳಿಗೇ ಪೆಟ್ಟಾಗಬಹುದಂತೆ. ಊರಿನ ಕ್ಲಿನಿಕ್‌ನಲ್ಲಿ ಸುಸ್ತು ಅಂತ ಡ್ರಿಪ್ ಹಾಕಿಸುವ ಅಭ್ಯಾಸ ನಮ್ಮಲ್ಲಿ ಎಷ್ಟಿದೆ ನೋಡಿ.

ಹಾಗಾಗಿ ಯಾವ ದಾರಿ ಹಿಡಿಯೋ ಮೊದಲೂ ಈ ಪ್ರಶ್ನೆಗಳಿಗೆ ಉತ್ತರ ಬರೆದಿಟ್ಟುಕೊಳ್ಳಿ. ಬೆಳಗ್ಗೆ ಎದ್ದ ಕೂಡಲೇ ಬೇಕಾಗುತ್ತದಾ? ಕೈ ನಡುಗುತ್ತದಾ? ಹಿಂದೆ ಬಿಟ್ಟಾಗ ಫಿಟ್ಸ್ ಅಥವಾ ಸನ್ನಿ ಬಂದಿತ್ತಾ? ಒಮ್ಮೆ ಬಂದಿದ್ದರೆ ಮುಂದಿನ ಸಲ ಬರುವ ಸಂಭವ ಇನ್ನೂ ಜಾಸ್ತಿ. ಲಿವರ್, ಶುಗರ್, ಬಿಪಿ ತೊಂದರೆ ಇದೆಯಾ? ಸಾಯುತ್ತೇನೆ ಅನ್ನುವ ಮಾತು ಬರುತ್ತದಾ? ನಿದ್ದೆ ಮಾತ್ರೆ ನುಂಗುವ ಅಭ್ಯಾಸ ಇದೆಯಾ? ಅದನ್ನು ಒಮ್ಮೆಲೇ ನಿಲ್ಲಿಸಿದರೂ ಫಿಟ್ಸ್ ಬರಬಹುದು.

ಆಮೇಲೆ ಅವರ ಮನಸ್ಸು. ತಾನಾಗಿ ಬರುತ್ತೇನೆ ಅನ್ನುತ್ತಾರಾ, ಬಲವಂತಕ್ಕಾ? ಅದಾದ ಮೇಲೆ ದುಡ್ಡು. ಫೀಸು ಒಂದೇ ಅಲ್ಲ, ದುಡಿಮೆ ನಿಲ್ಲುವ ದಿನಗಳು, ಜೊತೆಗೆ ನಿಲ್ಲುವವರ ಕೂಲಿ, ಬಸ್ ಚಾರ್ಜು ಎಲ್ಲವೂ ಸೇರುತ್ತದೆ. ವಿಮೆ ಇದೆ ಅಂತ ನಂಬಿ ಕೂರಬೇಡಿ. ಹೆಚ್ಚಿನ ಆರೋಗ್ಯ ವಿಮೆಗಳು ಮದ್ಯ ಮತ್ತು ಡ್ರಗ್ಸ್ ವ್ಯಸನದ ಚಿಕಿತ್ಸೆಯನ್ನು ಹೊರಗೇ ಇಟ್ಟಿವೆ. ಪಾಲಿಸಿ ಪುಸ್ತಕ ತೆಗೆದು ಒಮ್ಮೆ ಓದಿ.

ಮನೆಯಲ್ಲೇ ಇದ್ದು ಮಾತ್ರೆ ತಗೊಳ್ಳೋದು

ಇದು ಎಲ್ಲಕ್ಕಿಂತ ಅಗ್ಗ. ತುಂಬಾ ಜನರಿಗೆ ಇಷ್ಟು ಸಾಕಾಗುತ್ತದೆ. ಆದರೂ ಇಂಥದ್ದೊಂದು ದಾರಿ ಇದೆ ಅಂತಲೇ ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ನಮ್ಮ ಕಥೆ ಒಂದೇ ಹೀಗಲ್ಲ. ಏಮ್ಸ್ ಮುಂದಾಳತ್ವದಲ್ಲಿ ನಡೆದು 2019ರಲ್ಲಿ ಹೊರಬಂದ ರಾಷ್ಟ್ರೀಯ ಸಮೀಕ್ಷೆ ಹೇಳೋದೇನೆಂದರೆ, ಮದ್ಯಕ್ಕೆ ಅಂಟಿಕೊಂಡವರಲ್ಲಿ ಸುಮಾರು 38 ಜನಕ್ಕೆ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಅಥವಾ ಸಹಾಯ ಸಿಕ್ಕಿದೆ. ಅಡ್ಮಿಟ್ ಆಗಿ ಚಿಕಿತ್ಸೆ ಪಡೆದವರು 180ಕ್ಕೆ ಒಬ್ಬರು.

ಜಿಲ್ಲಾ ಆಸ್ಪತ್ರೆಗಳಲ್ಲಿ ಮನೋವೈದ್ಯರು ಇರುತ್ತಾರೆ. ಕರ್ನಾಟಕದಲ್ಲಿ ಮನೋಚೈತನ್ಯ ಅನ್ನುವ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೂ ಮನೋವೈದ್ಯರು ಬರುವ ಕ್ರಮ ಇದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನೋ ಆಸ್ಪತ್ರೆಯ ಚೀಟಿ ಕೌಂಟರ್‌ನಲ್ಲೋ ಕೇಳಿ. ಡಾಕ್ಟರು ನಡುಕಕ್ಕೆ ಐದರಿಂದ ಹತ್ತು ದಿನ ಮಾತ್ರೆ ಕೊಟ್ಟು, ದಿನ ದಿನ ಕಡಿಮೆ ಮಾಡುತ್ತಾ ಬರುತ್ತಾರೆ. ಆಮೇಲೆ ಆಸೆ ತಗ್ಗಿಸುವ ಮಾತ್ರೆ. ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಇಂಥವು. ಲಿವರ್ ಕೆಟ್ಟಿದ್ದರೆ ಬ್ಯಾಕ್ಲೋಫೆನ್ ಕೊಡುವುದೂ ಉಂಟು. ಯಾವುದು ಅನ್ನೋದನ್ನು ರಕ್ತ ಪರೀಕ್ಷೆ ನೋಡಿ ಅವರೇ ತೀರ್ಮಾನಿಸಬೇಕು. ಪಕ್ಕದ ಮನೆಯವರ ಚೀಟಿ ತೋರಿಸಿ ಮೆಡಿಕಲ್ ಶಾಪಿನಲ್ಲಿ ತರಬೇಡಿ.

ಯಾರಿಗೆ ಇದು ಸರಿ? ಕುಡಿತ ಇನ್ನೂ ಮಿತಿ ಮೀರಿ ಹೋಗಿಲ್ಲ, ಫಿಟ್ಸ್ ಬಂದಿಲ್ಲ, ಮನೆಯಲ್ಲಿ ಕುಡಿಯದ ಒಬ್ಬ ದೊಡ್ಡವರು ಹತ್ತು ದಿನ ಜೊತೆಗಿರುತ್ತಾರೆ, ಆಸ್ಪತ್ರೆ ಅರ್ಧ ಗಂಟೆಯ ದೂರದಲ್ಲಿದೆ. ಇಷ್ಟು ಇದ್ದರೆ ಇದರಿಂದಲೇ ಶುರು ಮಾಡಿ. ಅಂಗಡಿ ಮುಚ್ಚಬೇಕಿಲ್ಲ, ಹೊಲ ಬಿಡಬೇಕಿಲ್ಲ, ಊರಿಗೆಲ್ಲ ಗೊತ್ತಾಗಬೇಕಿಲ್ಲ.

ತೊಂದರೆ ಏನೆಂದರೆ ಅದೇ ಮನೆ, ಅದೇ ರಸ್ತೆ, ಅದೇ ವೈನ್ ಶಾಪ್. ಸಂಜೆ ಆರಕ್ಕೆ ಅದೇ ಗೆಳೆಯನ ಫೋನ್. ಮಾತ್ರೆ ಕೊಡುವವರ ಮೇಲೆ ಭಾರ ಪೂರ್ತಿ ಬೀಳುತ್ತದೆ. ಒಂಟಿ ಹೆಂಡತಿ, ಎರಡು ಸಣ್ಣ ಮಕ್ಕಳು, ಕುಡಿದು ಹೊಡೆಯುವ ಗಂಡ: ಅಂಥ ಮನೆಗೆ ಈ ದಾರಿಯನ್ನು ನಾನು ಹೇಳುವುದೇ ಇಲ್ಲ.

ಸರ್ಕಾರಿ ಆಸ್ಪತ್ರೆಯ ವಾರ್ಡ್

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಬೇರೆ ವಿಭಾಗ ಇದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಉತ್ತರ ಕರ್ನಾಟಕದವರಿಗೆ ಹತ್ತಿರ. ಸರ್ಕಾರಿ ಮೆಡಿಕಲ್ ಕಾಲೇಜುಗಳ ಆಸ್ಪತ್ರೆಗಳಲ್ಲಿ ಮನೋವೈದ್ಯ ವಿಭಾಗ ಇರುತ್ತದೆ. ಅಣ್ಣ ಕೊನೆಗೆ ಸರಿಹೋಗಲು ಶುರುವಾದದ್ದು ಅಂಥದ್ದೇ ಒಂದು ಮೆಡಿಕಲ್ ಕಾಲೇಜು ಆಸ್ಪತ್ರೆಯಲ್ಲಿ.

ಮೊದಲ ವಾರದ ಸುರಕ್ಷತೆಯಲ್ಲಿ ಇದಕ್ಕೆ ಸಾಟಿ ಇಲ್ಲ. ರಾತ್ರಿ ಎರಡು ಗಂಟೆಗೆ ಫಿಟ್ಸ್ ಬಂದರೂ ಡಾಕ್ಟರು ಇರುತ್ತಾರೆ. ಲಿವರ್‌ಗೆ ಬೇರೆ ವಿಭಾಗ, ಹೃದಯಕ್ಕೆ ಬೇರೆ ವಿಭಾಗ ಅದೇ ಕಾಂಪೌಂಡ್ ಒಳಗೆ. ಖಿನ್ನತೆ ಇದ್ದರೆ ಅದನ್ನೂ ನೋಡುತ್ತಾರೆ. ಅಣ್ಣನ ಕುಡಿತದ ಅಡಿಯಲ್ಲಿ ಖಿನ್ನತೆ ಇತ್ತು ಅನ್ನೋದು ಗೊತ್ತಾದದ್ದೇ ಅಲ್ಲಿ. ಹಿಂದಿನ ಮೂರು ಜಾಗದಲ್ಲಿ ಯಾರೂ ಅದನ್ನು ಕೇಳಿರಲಿಲ್ಲ.

ಖರ್ಚು ಕಡಿಮೆ. ಬಿಪಿಎಲ್ ಕಾರ್ಡ್ ಇದ್ದರೆ ಮರೆಯದೆ ತೆಗೆದುಕೊಂಡು ಹೋಗಿ. ಆದರೆ ಮನೆಯವರೊಬ್ಬರು ಜೊತೆಗೆ ಉಳಿಯಬೇಕಾಗಿ ಬರುತ್ತದೆ. ಕೂಲಿ ಮಾಡಿ ಬದುಕುವವರಿಗೆ ಇದು ಸಣ್ಣ ಮಾತಲ್ಲ. ಇಬ್ಬರ ದುಡಿಮೆ ಒಟ್ಟಿಗೇ ನಿಲ್ಲುತ್ತದೆ. ಇನ್ನೊಂದು, ಕ್ಯೂ. ಬೆಳಗ್ಗೆ ಬೇಗ ಹೋಗಬೇಕು, ಇಡೀ ದಿನ ಹಿಡಿಯುತ್ತದೆ, ಬೆಡ್ ಆ ದಿನವೇ ಸಿಗದಿರಬಹುದು. ಅಲ್ಲಿ ಇರಿಸಿಕೊಳ್ಳೋದೂ ಸಾಮಾನ್ಯವಾಗಿ ವಾರಗಳ ಲೆಕ್ಕದಲ್ಲಿ. ಆರು ತಿಂಗಳು ಒಳಗೇ ಇಟ್ಟುಕೊಳ್ಳಲಿ ಅಂತ ಬಯಸುವ ಮನೆಯವರಿಗೆ ಇದು ಬೇಸರ ತರುತ್ತದೆ. ನಮ್ಮತ್ತೆ, ಅಂದರೆ ಅಪ್ಪನ ತಂಗಿ, "ಇಷ್ಟು ಬೇಗ ಕಳಿಸ್ತಿದ್ದಾರಲ್ಲ" ಅಂತ ವಾರ್ಡಿನಲ್ಲೇ ಅತ್ತುಬಿಟ್ಟಿದ್ದರು.

ಜೊತೆಗೆ ಉಳಿಯಬೇಕಾದ್ದನ್ನು ನಾನೂ ಮೊದಲು ಕಷ್ಟ ಅಂದುಕೊಂಡಿದ್ದೆ. ಅತ್ತಿಗೆ ಹದಿನೆಂಟು ದಿನ ಉಳಿದರು. ಕೌನ್ಸೆಲಿಂಗ್‌ಗೆ ಅವರನ್ನೂ ಕೂರಿಸಿದರು. "ನಿಮ್ಮ ತಪ್ಪಿಂದ ಅವರು ಕುಡಿಯುತ್ತಿಲ್ಲ" ಅಂತ ಅಲ್ಲಿನ ಸಮಾಜ ಕಾರ್ಯಕರ್ತೆ ಹೇಳಿದ ದಿನ ಅತ್ತಿಗೆ ಹೊರಗೆ ಬಂದು ಬೆಂಚಿನ ಮೇಲೆ ಕೂತು ಬಹಳ ಹೊತ್ತು ಸುಮ್ಮನಿದ್ದರು. ಹನ್ನೊಂದು ವರ್ಷದ ಸಂಸಾರದಲ್ಲಿ ಆ ಮಾತನ್ನು ಅವರಿಗೆ ಮೊದಲು ಹೇಳಿದ್ದು ಆಕೆಯೇ. ನಮ್ಮ ಮನೆಯಲ್ಲಿ ನಾವ್ಯಾರೂ ಹೇಳಿರಲಿಲ್ಲ.

ಖಾಸಗಿ ರಿಹ್ಯಾಬ್ ಸೆಂಟರ್

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ. ಜನ ಜಾಸ್ತಿ ದುಡ್ಡು ಕಳೆದುಕೊಳ್ಳೋದು, ಜಾಸ್ತಿ ನೋಯೋದು ಇಲ್ಲೇ. ಒಳ್ಳೆಯ ಸೆಂಟರ್ ಸಿಕ್ಕರೆ ಬದುಕೇ ಬದಲಾಗುವುದೂ ಇಲ್ಲೇ.

ಸೆಂಟರ್‌ಗಳ ಲಾಭ ಒಂದೇ ಮಾತಲ್ಲಿ ಹೇಳಬೇಕೆಂದರೆ ಸಮಯ. ಒಂದು, ಮೂರು, ಆರು ತಿಂಗಳು ವೈನ್ ಶಾಪ್ ಕಣ್ಣಿಗೆ ಬೀಳದ ಜಾಗದಲ್ಲಿ ಇರಬಹುದು. ಏಳುವುದು, ಊಟ, ಕೆಲಸ, ಗುಂಪಿನಲ್ಲಿ ಕೂತು ಮಾತಾಡುವುದು ಎಲ್ಲಕ್ಕೂ ಹೊತ್ತು ಇರುತ್ತದೆ. ಹಲವು ಸಲ ಬಿಟ್ಟು ಮತ್ತೆ ಕುಡಿದವರಿಗೆ, ಮನೆಯೇ ಕುಡಿತದ ಜಾಗವಾಗಿರುವವರಿಗೆ ಈ ದೂರ ನಿಜಕ್ಕೂ ಬೇಕಾಗುತ್ತದೆ. ಫೀಸು ತಿಂಗಳಿಗೆ ಹತ್ತು ಹದಿನೈದು ಸಾವಿರದಿಂದ ಶುರುವಾಗಿ ಲಕ್ಷ ದಾಟುವವೂ ಇವೆ. ಲಕ್ಷ ಕೊಟ್ಟರೆ ಚಿಕಿತ್ಸೆಯೂ ಅಷ್ಟೇ ಚೆನ್ನಾಗಿರುತ್ತದೆ ಅಂತೇನಿಲ್ಲ. ಹೆಚ್ಚಿನ ದುಡ್ಡು ರೂಮಿಗೆ, ತೋಟಕ್ಕೆ, ಊಟಕ್ಕೆ ಹೋಗಿರಬಹುದು.

ನಮ್ಮ ಅನುಭವ ಕೆಟ್ಟದ್ದು. ಮಾಲೆ ಹಾಕಿದಾಗ ಫಿಟ್ಸ್ ಬಂದು ಸೇರಿಸಿದ್ದ ಆಸ್ಪತ್ರೆಯಿಂದ ಬಂದ ಮೂರೇ ವಾರಕ್ಕೆ ಅಣ್ಣ ಮತ್ತೆ ಶುರು ಮಾಡಿದಾಗ, ಯಾರೋ ಕೊಟ್ಟ ನಂಬರಿಗೆ ಫೋನ್ ಮಾಡಿದೆವು. ರಾತ್ರಿ ಹನ್ನೊಂದಕ್ಕೆ ವ್ಯಾನ್ ಬಂತು. ನಾಲ್ಕು ಜನ ಇಳಿದು, ಮಲಗಿದ್ದವನನ್ನು ಹೊತ್ತುಕೊಂಡು ಹೋದರು. ಅಣ್ಣ ನನ್ನ ಹೆಸರು ಕೂಗುತ್ತಿದ್ದ. ನಾನು ಬಾಗಿಲ ಹಿಂದೆ ನಿಂತಿದ್ದೆ. ಒಂದು ತಿಂಗಳು ಫೋನ್ ಇಲ್ಲ, ಭೇಟಿ ಇಲ್ಲ, "ಅದೇ ನಮ್ಮ ರೂಲ್ಸ್" ಅಂದರು. ತಿಂಗಳಾದ ಮೇಲೆ ನೋಡಿದಾಗ ಮಣಿಕಟ್ಟಿನ ಸುತ್ತ ಹಗ್ಗದ ಗುರುತು ಇತ್ತು. ಮನೆಗೆ ಕರೆತಂದ ಎಂಟನೇ ದಿನಕ್ಕೆ ಕುಡಿದ. ಆಮೇಲೆ ವರ್ಷಪೂರ್ತಿ ನಮ್ಮನ್ನು ಯಾರನ್ನೂ ನಂಬಲಿಲ್ಲ. ಚಿಕಿತ್ಸೆ ಅನ್ನುವ ಮಾತೆತ್ತಿದರೆ ಎದ್ದು ಹೋಗುತ್ತಿದ್ದ. ಆ ಒಂದು ವರ್ಷ ನಮಗೆ ನಷ್ಟ ಮಾಡಿದ್ದು ಆ ವ್ಯಾನ್.

ಕಾನೂನು ಏನು ಹೇಳುತ್ತದೆ ಅನ್ನೋದು ಆಗ ಗೊತ್ತಿದ್ದಿದ್ದರೆ ನಾವು ಹಾಗೆ ಮಾಡುತ್ತಿರಲಿಲ್ಲ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ಮದ್ಯ ಮತ್ತು ಡ್ರಗ್ಸ್‌ನಿಂದ ಬರುವ ಮಾನಸಿಕ ಸ್ಥಿತಿಗಳೂ ಸೇರಿವೆ. ಇಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗಿರಬೇಕು. ದೊಡ್ಡವರೊಬ್ಬರನ್ನು ಒಪ್ಪಿಗೆ ಇಲ್ಲದೆ ಸೇರಿಸಿಕೊಳ್ಳಬೇಕೆಂದರೆ ಸುಮ್ನೆ ಮನೆಯವರು ಸಹಿ ಹಾಕಿದರೆ ಸಾಲದು. ಒಬ್ಬ ಮನೋವೈದ್ಯರು, ಜೊತೆಗೆ ಇನ್ನೊಬ್ಬ ವೈದ್ಯರು ಅಥವಾ ಮಾನಸಿಕ ಆರೋಗ್ಯ ತಜ್ಞರು, ಇಬ್ಬರೂ ಬೇರೆ ಬೇರೆಯಾಗಿ ಪರೀಕ್ಷೆ ಮಾಡಬೇಕು. ತನಗೋ ಬೇರೆಯವರಿಗೋ ಅಪಾಯ ಇದೆ, ಅಥವಾ ತನ್ನನ್ನು ತಾನು ನೋಡಿಕೊಳ್ಳಲಾಗುತ್ತಿಲ್ಲ ಅಂತ ಅವರಿಗೆ ಕಾಣಬೇಕು. ಆಗಲೂ ಮೊದಲಿಗೆ 30 ದಿನದ ಮಿತಿ. ಸರಪಳಿ ಹಾಕುವುದನ್ನು ಯಾವ ರೂಪದಲ್ಲೂ ಆ ಕಾಯ್ದೆ ಒಪ್ಪುವುದಿಲ್ಲ. ಹೊರಗಿನವರ ಜೊತೆ ಫೋನ್‌ನಲ್ಲಿ ಮಾತಾಡುವ, ಭೇಟಿ ಮಾಡುವ ಹಕ್ಕು ರೋಗಿಗೆ ಇದೆ.

ಹಾಗಾಗಿ ಸೆಂಟರ್‌ಗೆ ಸೇರಿಸುವ ಮೊದಲು ಒಬ್ಬರು ಹೋಗಿ ನೋಡಿ ಬನ್ನಿ. ಫೋನ್‌ನಲ್ಲೇ ಮುಗಿಸಬೇಡಿ. ನೋಂದಣಿ ಪತ್ರ ತೋರಿಸಿ ಎನ್ನಿ. ಮನೋವೈದ್ಯರು ವಾರಕ್ಕೆ ಎಷ್ಟು ಸಲ ಬರುತ್ತಾರೆ, ಹೆಸರೇನು ಕೇಳಿ. ಬೋರ್ಡಿನಲ್ಲಿ ಇರುವ ಡಾಕ್ಟರ ಹೆಸರು ಅಲ್ಲಿಗೆ ಬರುವ ಡಾಕ್ಟರದ್ದೇ ಆಗಿರಬೇಕು. ರಾತ್ರಿ ನರ್ಸ್ ಇರುತ್ತಾರಾ, ಫಿಟ್ಸ್ ಬಂದರೆ ಯಾವ ಆಸ್ಪತ್ರೆಗೆ ಕರೆದೊಯ್ಯುತ್ತೀರಿ ಎನ್ನಿ. ಮಲಗುವ ಜಾಗ, ಕಕ್ಕಸು, ಅಡುಗೆಮನೆ ತೋರಿಸಿ ಎನ್ನಿ. ಕಿಟಕಿ ಬಾಗಿಲು ನೋಡಿ. ಅಲ್ಲಿರುವ ಒಬ್ಬರ ಜೊತೆ ಸಿಬ್ಬಂದಿ ಇಲ್ಲದೆ ಐದು ನಿಮಿಷ ಮಾತಾಡಲು ಬಿಡುತ್ತಾರಾ ನೋಡಿ. ಇದಕ್ಕೆ ಒಪ್ಪದ ಸೆಂಟರ್ ಎಷ್ಟೇ ಹೆಸರು ಮಾಡಿದ್ದರೂ ನಾನು ಅಲ್ಲಿಂದ ಎದ್ದು ಬರುತ್ತೇನೆ. "ನೂರಕ್ಕೆ ನೂರು ಬಿಡಿಸುತ್ತೇವೆ" ಎಂದವರ ಹತ್ತಿರವೂ ಕೂರಬೇಡಿ. ಈ ಕಾಯಿಲೆ ಮತ್ತೆ ಮತ್ತೆ ಮರುಕಳಿಸುವಂಥದ್ದು. ಅದನ್ನು ಬಲ್ಲ ಯಾವ ಡಾಕ್ಟರೂ ಅಂಥ ಮಾತು ಕೊಡುವುದಿಲ್ಲ.

ಬ್ರೌನ್ ಶುಗರ್, ಇಂಜೆಕ್ಷನ್, ನೋವಿನ ಮಾತ್ರೆಯ ಚಟ ಇದ್ದವರ ಮನೆಯವರಿಗೆ ಒಂದು ಮಾತು. ತಿಂಗಳುಗಟ್ಟಲೆ ಒಳಗಿದ್ದು ಬಂದವರ ದೇಹ ಹಳೆಯ ಪ್ರಮಾಣವನ್ನು ತಡೆಯುವ ಶಕ್ತಿ ಕಳೆದುಕೊಂಡಿರುತ್ತದೆ. ಮನೆಗೆ ಬಂದ ಮೇಲೆ ಹಿಂದಿನಷ್ಟೇ ತೆಗೆದುಕೊಂಡರೆ ಉಸಿರು ನಿಂತು ಹೋಗಬಹುದು. ಅದಕ್ಕೇ ಡಾಕ್ಟರು ಬ್ಯುಪ್ರಿನಾರ್ಫಿನ್ ಥರದ ಔಷಧಿಯನ್ನು ಬಹಳ ಕಾಲ ಮುಂದುವರಿಸುತ್ತಾರೆ. "ಒಂದು ನಶೆಗೆ ಇನ್ನೊಂದು ನಶೆ" ಅಂತ ನೆಂಟರು ಹೇಳಿದರೆ ಕಿವಿಗೆ ಹಾಕಿಕೊಳ್ಳಬೇಡಿ. ಅಂಥವರಿಗೆ ಬರೀ ರಿಹ್ಯಾಬ್‌ಗಿಂತ ಆ ಔಷಧಿ ಕೊಡುವ ಆಸ್ಪತ್ರೆಯೇ ಸರಿ.

ಸಂಸ್ಥೆಗಳು ನಡೆಸುವ ಕೇಂದ್ರಗಳು

ಕೇಂದ್ರ ಸರ್ಕಾರದ ಸಾಮಾಜಿಕ ನ್ಯಾಯ ಸಚಿವಾಲಯದ ಅನುದಾನದಲ್ಲಿ ಸ್ವಯಂಸೇವಾ ಸಂಸ್ಥೆಗಳು ನಡೆಸುವ ವ್ಯಸನಮುಕ್ತಿ ಕೇಂದ್ರಗಳು ಹಲವು ಜಿಲ್ಲೆಗಳಲ್ಲಿ ಇವೆ. ಖರ್ಚು ತುಂಬಾ ಕಡಿಮೆ. ನಿಮಗೆ ಹತ್ತಿರದ್ದು ಯಾವುದು ಅಂತ 14446 ಸಹಾಯವಾಣಿಯಲ್ಲಿ ಕೇಳಬಹುದು. ಬೆಡ್ ಕಡಿಮೆ, ಮತ್ತು ಒಂದೊಂದು ಕಡೆ ಒಂದೊಂದು ಮಟ್ಟ. ಖಾಸಗಿ ಸೆಂಟರ್‌ಗೆ ಹೇಳಿದ ಪ್ರಶ್ನೆಗಳನ್ನು ಇಲ್ಲೂ ಕೇಳಿ.

ಹೊರ ರಾಜ್ಯಕ್ಕೆ ಹೋಗಬಲ್ಲವರಿಗೆ ಎರಡು ಹಳೆಯ ಹೆಸರುಗಳಿವೆ. ಚೆನ್ನೈನಲ್ಲಿ ಶಾಂತಿ ರಂಗನಾಥನ್ 1980ರಲ್ಲಿ ಕಟ್ಟಿದ ಟಿ.ಟಿ. ರಂಗನಾಥನ್ ಕ್ಲಿನಿಕಲ್ ರಿಸರ್ಚ್ ಫೌಂಡೇಶನ್. ಗಂಡನನ್ನು ಕುಡಿತಕ್ಕೆ ಕಳೆದುಕೊಂಡ ಹೆಣ್ಣುಮಗಳು ಕಟ್ಟಿದ ಜಾಗ ಅದು. ಪುಣೆಯಲ್ಲಿ ಡಾ. ಅನಿತಾ ಅವಚಟ್ ಮತ್ತು ಅನಿಲ್ ಅವಚಟ್ ದಂಪತಿ 1986ರಲ್ಲಿ ಶುರು ಮಾಡಿದ ಮುಕ್ತಾಂಗಣ. ಎರಡೂ ಕಡೆ ಮನೆಯವರನ್ನೂ ಚಿಕಿತ್ಸೆಯ ಭಾಗ ಅಂತಲೇ ನೋಡುತ್ತಾರೆ. ಮರಾಠಿ ಬಲ್ಲ ಬೆಳಗಾವಿ ಕಡೆಯವರಿಗೆ ಪುಣೆ ಕಷ್ಟವಲ್ಲ. ಆದರೆ ಭಾಷೆ ಬಾರದವರನ್ನು ಹೆಸರು ಕೇಳಿ ದೂರ ಕಳಿಸಬೇಡಿ. ಈ ಚಿಕಿತ್ಸೆಯಲ್ಲಿ ಮಾತೇ ಮುಖ್ಯ. ಮನಸ್ಸಿನಲ್ಲಿರೋದನ್ನು ಪರಭಾಷೆಯಲ್ಲಿ ಹೇಳಿಕೊಳ್ಳೋದು ಹೇಗೆ ಸಾಧ್ಯ?

ಮದ್ಯವರ್ಜನ ಶಿಬಿರ

ಶ್ರೀ ಕ್ಷೇತ್ರ ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆ ಹಳ್ಳಿ ಪಟ್ಟಣಗಳಲ್ಲಿ ನಡೆಸುವ ಎಂಟು ದಿನದ ಶಿಬಿರಗಳನ್ನು ನೀವೂ ನೋಡಿರಬಹುದು. ಯಾವುದೋ ಸಮುದಾಯ ಭವನ ಅಥವಾ ಕಲ್ಯಾಣ ಮಂಟಪ, ಸಾಲಾಗಿ ಚಾಪೆ, ಬೆಳಗ್ಗೆ ಯೋಗ, ಭಜನೆ, ಗುಂಪು ಮಾತುಕತೆ, ಊರವರೇ ಬಡಿಸುವ ಊಟ. ಕೊನೆಗೆ ಮನೆಯವರನ್ನೂ ಕರೆಸಿ ಒಟ್ಟಿಗೆ ಕೂರಿಸುತ್ತಾರೆ. ಆಮೇಲೆ ಬಿಟ್ಟವರೆಲ್ಲ ಸೇರುವ ನವಜೀವನ ಸಮಿತಿ ಇರುತ್ತದೆ.

ಇದರ ಶಕ್ತಿ ಇರೋದು ಆ ಸಮಿತಿಯಲ್ಲಿ, ಮತ್ತೆ ಊರಿನ ಕಣ್ಣಲ್ಲಿ. ಎಲ್ಲರೆದುರು ಬಿಡುತ್ತೇನೆ ಎಂದವನಿಗೆ ಮರುದಿನ ಬೀದಿಯಲ್ಲಿ ಜನ ಬೇರೆ ಥರ ಮಾತಾಡಿಸುತ್ತಾರೆ. ದೈವಭಕ್ತಿ ಇರುವ, ಊರಲ್ಲೇ ಬದುಕುವ, ಆಸ್ಪತ್ರೆ ಎಂದರೆ ಬೆದರುವ ಮಧ್ಯವಯಸ್ಸಿನ ಗಂಡಸರಿಗೆ ಇದು ಒಗ್ಗುತ್ತದೆ. ನಮ್ಮ ದೊಡ್ಡಪ್ಪನ ಮಗ ಇಂಥ ಶಿಬಿರದಲ್ಲೇ ಬಿಟ್ಟದ್ದು, ಮತ್ತೆ ಮುಟ್ಟಿಲ್ಲ.

ಆದರೆ ಬೆಳಗ್ಗೆಯೇ ಕೈ ನಡುಗುವವರನ್ನು, ಫಿಟ್ಸ್ ಬಂದವರನ್ನು, ಲಿವರ್ ಕೆಟ್ಟವರನ್ನು ನೇರ ಶಿಬಿರಕ್ಕೆ ಕಳಿಸೋದು ಅಪಾಯ. ಶಿಬಿರದ ಆ ಎಂಟು ದಿನವೇ ದೇಹಕ್ಕೆ ಕಷ್ಟದ ದಿನಗಳು. ಮೊದಲು ಆಸ್ಪತ್ರೆಯಲ್ಲಿ ನಡುಕ ಇಳಿಸಿಕೊಂಡು, ಡಾಕ್ಟರು ಸರಿ ಎಂದ ಮೇಲೆ ಶಿಬಿರಕ್ಕೆ ಹೋಗಬಹುದು. ಹೀಗೆ ಎರಡನ್ನೂ ಜೋಡಿಸಿಕೊಳ್ಳೋದು ನನಗೆ ತುಂಬಾ ಒಳ್ಳೆಯ ದಾರಿ ಅನ್ನಿಸುತ್ತದೆ. ಮಾತ್ರೆ ನಡೆಯುತ್ತಿದ್ದರೆ ಶಿಬಿರದಲ್ಲೂ ನಿಲ್ಲಿಸಬೇಡಿ.

ಎಎ ಸಭೆ

ಆಲ್ಕೊಹಾಲಿಕ್ಸ್ ಅನಾನಿಮಸ್ 1935ರಲ್ಲಿ ಅಮೆರಿಕದಲ್ಲಿ ಇಬ್ಬರು ಕುಡುಕರು ಪರಸ್ಪರ ಮಾತಾಡಿಕೊಂಡದ್ದರಿಂದ ಹುಟ್ಟಿದ್ದು. ಫೀಸಿಲ್ಲ, ಪೂರ್ತಿ ಹೆಸರು ಹೇಳಬೇಕಿಲ್ಲ. ಬೆಂಗಳೂರು, ಮಂಗಳೂರಿನಂಥ ಊರುಗಳಲ್ಲಿ ಸಭೆಗಳು ನಡೆಯುತ್ತವೆ. ಆನ್‌ಲೈನ್ ಸಭೆಗಳೂ ಇವೆ. ಸಣ್ಣ ಊರಿನವರಿಗೆ, ಹೊರದೇಶದಲ್ಲಿ ಇರುವವರಿಗೆ ಅದು ಅನುಕೂಲ. ಮನೆಯವರಿಗೆ ಅಲ್-ಅನಾನ್ ಅಂತ ಬೇರೆ ಇದೆ.

ಇದು ಆಸ್ಪತ್ರೆಗೆ ಬದಲಿ ಅಲ್ಲ, ಮೊದಲ ವಾರಕ್ಕೆ ಇದರಿಂದ ಏನೂ ಆಗದು. ಮನೆಗೆ ಬಂದ ಮೇಲಿನ ಆ ಆರು ತಿಂಗಳಿಗೆ, ಆಮೇಲಿನ ವರ್ಷಗಳಿಗೆ ಮಾತ್ರ ಇದರಷ್ಟು ಅಗ್ಗದ ಆಸರೆ ನಾನು ಬೇರೆ ಕಂಡಿಲ್ಲ. ಅಣ್ಣ ಮೊದಲ ಸಭೆಗೆ ಹೋಗಿ ಬಂದು ಹೇಳಿದ್ದು ಇಷ್ಟೇ: "ಅಲ್ಲಿ ಯಾರೂ ನನಗೆ ಬುದ್ಧಿ ಹೇಳಲಿಲ್ಲ ಕಣೆ." ಎಲ್ಲರಿಗೂ ಹಿಡಿಸುತ್ತದೆ ಅಂತಿಲ್ಲ. ಹತ್ತು ಜನರೆದುರು ಬಾಯಿ ಬಿಡಲಾಗದವರೂ ಇರುತ್ತಾರೆ. ಮೂರು ನಾಲ್ಕು ಸಭೆ ಕೂತು ನೋಡಿ ತೀರ್ಮಾನಿಸಲಿ.

ಈ ದಾರಿ ಬೇಡ

"ರೋಗಿಗೆ ಗೊತ್ತಿಲ್ಲದೆ ಬಿಡಿಸುತ್ತೇವೆ" ಅನ್ನುವ ಪುಡಿ. ನಾವೂ ತಂದು ಸಾರಿನಲ್ಲಿ ಕಲಸಿದ್ದೆವು. ಅದರಲ್ಲಿ ಏನಿರುತ್ತದೋ ಕೊಟ್ಟವರೇ ಹೇಳುವುದಿಲ್ಲ. ಡೈಸಲ್ಫಿರಾಂ ಅನ್ನುವ ನಿಜವಾದ ಮಾತ್ರೆಯೊಂದಿದೆ. ಅದನ್ನು ತಗೊಂಡವರು ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಹೊಡೆದುಕೊಂಡು, ಬಿಪಿ ಇಳಿದು ಜೀವಕ್ಕೇ ಅಪಾಯ ಆಗಬಹುದು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರಬಹುದು. ತಿಳಿದು, ಒಪ್ಪಿ, ಡಾಕ್ಟರ ಕೈಕೆಳಗೆ ತಗೊಂಡರೆ ಕೆಲವರಿಗೆ ಒಳ್ಳೆಯದು. ಕದ್ದು ಕೊಟ್ಟರೆ ವಿಷ ಹಾಕಿದಷ್ಟೇ ಅಪಾಯ.

ನಿಮ್ಮ ಮನೆಗೆ ಯಾವುದು

ದಿನಗೂಲಿಯ ಮನೆ, ವಾರ್ಡಿನಲ್ಲಿ ಜೊತೆಗೆ ನಿಲ್ಲಲು ಯಾರೂ ಇಲ್ಲ ಅನ್ನುವವರು ತಾಲ್ಲೂಕು ಆಸ್ಪತ್ರೆಯ ಮಾತ್ರೆಯಿಂದ ಶುರು ಮಾಡಿ, ಡಾಕ್ಟರು ಅಪಾಯ ಇಲ್ಲ ಎಂದರೆ ಹತ್ತಿರದ ಶಿಬಿರ ಸೇರಿ. ಫಿಟ್ಸ್ ಬಂದಿದ್ದರೆ ಮಾತ್ರ ಹೇಗಾದರೂ ಮಾಡಿ ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ವಾರ ಅಡ್ಮಿಟ್ ಆಗಿ. ನೆಂಟರು ಎರಡೆರಡು ದಿನ ಹಂಚಿಕೊಂಡು ಜೊತೆಗೆ ಉಳಿಯಬಹುದು, ನಾವು ಒಮ್ಮೆ ಹಾಗೂ ಮಾಡಿದ್ದೇವೆ.

ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಹುಡುಗ, ರಜೆ ಸಿಗಲ್ಲ, ಯಾರಿಗೂ ಗೊತ್ತಾಗಬಾರದು ಅನ್ನುವವನಿಗೆ ಓಪಿಡಿಯಲ್ಲಿ ಮಾತ್ರೆ ಮತ್ತು ಎಎ ಸಾಕಾಗಬಹುದು. ಮೂರು ತಿಂಗಳಲ್ಲಿ ಹಿಡಿತ ಸಿಗದಿದ್ದರೆ ಆಗ ವಾರ್ಡ್.

ಮಕ್ಕಳೆಲ್ಲ ಹೊರದೇಶದಲ್ಲಿ, ಊರಲ್ಲಿ ಕುಡಿಯುವ ಅಪ್ಪ, ಸೋತ ಅಮ್ಮ. ಇಂಥ ಫೋನ್ ನನಗೆ ಬಹಳ ಬರುತ್ತವೆ. ದುಡ್ಡು ಇದೆ, ಆದ್ದರಿಂದ ದುಬಾರಿ ಸೆಂಟರ್ ಹುಡುಕುತ್ತಾರೆ. ವಯಸ್ಸಾದವರಿಗೆ ಮೊದಲು ಆಸ್ಪತ್ರೆಯೇ ಆಗಬೇಕು. ಆ ದುಡ್ಡಿನಲ್ಲಿ ಆರು ತಿಂಗಳು ಅಮ್ಮನ ಜೊತೆ ಇರಲು ನಂಬಿಕೆಯ ಒಬ್ಬರನ್ನು ಇಟ್ಟರೆ ಹೆಚ್ಚು ಉಪಯೋಗ. ಸಾಧ್ಯವಾದರೆ ಒಬ್ಬ ಮಗ ಅಥವಾ ಮಗಳು ಮೊದಲ ತಿಂಗಳು ಬಂದು ಇರಿ.

ಹೆಣ್ಣುಮಕ್ಕಳ ವಿಚಾರ ಬೇರೆ. ಹೆಚ್ಚಿನ ಸೆಂಟರ್, ಶಿಬಿರಗಳು ಗಂಡಸರಿಗಾಗಿಯೇ ನಡೆಯುತ್ತವೆ. ಹೆಂಗಸರಿಗೆ ಬೇರೆ ವಾರ್ಡ್, ಮಹಿಳಾ ಸಿಬ್ಬಂದಿ ಇದ್ದಾರಾ ಅಂತ ಖಚಿತ ಮಾಡಿಕೊಳ್ಳದೆ ಎಲ್ಲಿಗೂ ಸೇರಿಸಬೇಡಿ. ದೊಡ್ಡ ಆಸ್ಪತ್ರೆಯ ಮನೋವೈದ್ಯ ವಿಭಾಗವೇ ಅವರಿಗೆ ಹೆಚ್ಚು ಸುರಕ್ಷಿತ.

ಮನೆಗೆ ಬಂದ ಮೇಲೆ ಮತ್ತೆ ಒಮ್ಮೆ ಕುಡಿದರೆ? ಅಣ್ಣ ಆಸ್ಪತ್ರೆಯಿಂದ ಬಂದ ನಾಲ್ಕನೇ ತಿಂಗಳು, ಮಂಡಿಯಲ್ಲಿ ಯಾರದೋ ಪಾರ್ಟಿಯಲ್ಲಿ ಕುಡಿದ. ಹಿಂದಾದರೆ ಕೂಗಾಟ ಆಗುತ್ತಿತ್ತು. ಆ ಸಲ ಅತ್ತಿಗೆ ಮಾರನೇ ಬೆಳಗ್ಗೆ ಅವನನ್ನು ಕರೆದುಕೊಂಡು ಓಪಿಡಿಗೆ ಹೋದರು. ಡಾಕ್ಟರು ಮಾತ್ರೆ ಬದಲಿಸಿದರು, ವಾರಕ್ಕೊಮ್ಮೆ ಬನ್ನಿ ಎಂದರು. ಅಷ್ಟೇ. ಅದಕ್ಕೇ ನಾನು ಮತ್ತೆ ಮತ್ತೆ ಕೇಳೋದು: ನೀವು ಆರಿಸುವ ಜಾಗ, ಮತ್ತೆ ಕುಡಿದು ಬಂದವರನ್ನು ಬೈಯದೆ ಒಳಗೆ ಕರೆಯುತ್ತದಾ? ಡಿಸ್ಚಾರ್ಜ್ ದಿನ ಮುಂದಿನ ಭೇಟಿಯ ತಾರೀಕು ಬರೆದು ಕೊಡುತ್ತದಾ?

ಇದನ್ನು ಓದುತ್ತಿರುವ ನಿಮ್ಮ ಮನೆಯಲ್ಲಿ ಈಗಲೇ ಒಬ್ಬರು ಕುಡಿದು ಮಲಗಿರಬಹುದು. ನಾಳೆ ಬೆಳಗ್ಗೆ ಎದ್ದ ಕೂಡಲೇ ಆಣೆ ಮಾಡಿಸಿ ಒಮ್ಮೆಲೇ ನಿಲ್ಲಿಸಬೇಡಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ದಿನಕ್ಕೆ ಎಷ್ಟು ಕುಡಿಯುತ್ತಾರೆ, ಕೊನೆಗೆ ಕುಡಿದದ್ದು ಎಷ್ಟು ಗಂಟೆಗೆ, ಹಿಂದೆ ಫಿಟ್ಸ್ ಬಂದಿತ್ತಾ ಅಂತ ಹೇಳಿ. ಫಿಟ್ಸ್ ಬಂದರೆ, ಇಲ್ಲದ್ದು ಕಾಣತೊಡಗಿದರೆ ಕಾಯದೆ 108ಕ್ಕೆ ಮಾಡಿ. ಆಧಾರ್, ರೇಷನ್ ಕಾರ್ಡ್, ಹಳೆಯ ಚೀಟಿಗಳು, ಈಗ ತಗೊಳ್ಳುತ್ತಿರುವ ಮಾತ್ರೆಗಳ ಸ್ಟ್ರಿಪ್, ಎರಡು ಜೊತೆ ಬಟ್ಟೆ, ಒಂದು ಹೊದಿಕೆ. ಇಷ್ಟನ್ನು ಈ ರಾತ್ರಿಯೇ ಒಂದು ಚೀಲಕ್ಕೆ ಹಾಕಿ ಬಾಗಿಲ ಹತ್ತಿರ ಇಡಿ.